ಕಸದ ಲಾರಿ ಸಾಗಿದ ದಾರಿ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಗರ ಯೋಜನೆ ಓದಲು ಟೋಕಿಯೊ ಸೇರಿದ ಮೊದಲ ತಿಂಗಳಲ್ಲೇ ನೀನು ಬರೆದ ಕಾಗದ ತಲುಪಿತು. ಅಲ್ಲಿನ ಬೀದಿಗಳ ಚೊಕ್ಕಟತನ ಆ ಜನರ ರಕ್ತದಲ್ಲೇ ಬಂದ ಶಿಸ್ತು, ನಮ್ಮ ಬೆಂಗಳೂರಿಗೆ ಅದು ಎಂದಿಗೂ ಒದಗದು ಎಂದಿದ್ದೀಯೆ. ಮೂವತ್ತು ವರ್ಷ ನಗರಸಭೆಗಳಲ್ಲಿ ಆರೋಗ್ಯ ನಿರೀಕ್ಷಕನಾಗಿ, ಬೆಳಗಿನ ಐದು ಗಂಟೆಗೆ ಕಸದ ಲಾರಿಗಳ ಲೆಕ್ಕ ಬರೆದವನಾದ ನಾನು ಇದನ್ನು ಒಪ್ಪಲಾರೆ. ಓದಿನ ಆರಂಭದಲ್ಲೇ ಇಂಥ ತೀರ್ಮಾನ ಮನಸ್ಸಿನಲ್ಲಿ ಬೇರೂರಿದರೆ, ಕಾಣಬೇಕಾದದ್ದು ಕಣ್ಣೆದುರಿಗಿದ್ದರೂ ಕಾಣದೆ ಹೋದೀತೆಂದು ಬರೆಯುತ್ತಿದ್ದೇನೆ.

ನೀನಿರುವ ಊರಿನಲ್ಲೇ ಕಸಕ್ಕಾಗಿ ದೊಡ್ಡ ಜಗಳವಾಗಿತ್ತು, ಮಗಳೇ. ಮಹಾನಗರದ ಬಹುಪಾಲು ಕಸ ಸಮುದ್ರದಂಚಿನ ಕೋತೊ ವಾರ್ಡಿನ (ಅಲ್ಲಿ ವಾರ್ಡೆಂದರೆ ತನ್ನದೇ ಚುನಾಯಿತ ಸಭೆಯುಳ್ಳ, ನಗರದ ಒಂದು ದೊಡ್ಡ ಭಾಗ) ಬೀದಿಗಳಲ್ಲೇ ಸಾಗಿ ಅಲ್ಲಿನ ತೀರಕ್ಕೆ ಬೀಳುತ್ತಿದ್ದ ಕಾಲವದು. 1965ರ ಬೇಸಿಗೆಯಲ್ಲಿ ಆ ರಾಶಿಯಿಂದೆದ್ದ ನೊಣಗಳು ಮನೆಮನೆಗೆ ನುಗ್ಗಿದಾಗ ರಾಶಿಗೇ ಬೆಂಕಿ ಹಚ್ಚಬೇಕಾಯಿತು. 1971ರಲ್ಲಿ ಟೋಕಿಯೊ ಮಹಾನಗರದ ಗವರ್ನರ್ ರ್ಯೋಕಿಚಿ ಮಿನೊಬೆ ಅವರು ‘ಕಸದ ಯುದ್ಧ’ ಘೋಷಿಸಿದರು; ಪ್ರತಿ ವಾರ್ಡಿನ ಕಸವನ್ನು ಆ ವಾರ್ಡಿನಲ್ಲೇ ಸುಡಬೇಕೆಂಬ ತತ್ವ ಮುಂದೆ ಬಂತು. ಸುಗಿನಾಮಿ ವಾರ್ಡಿನವರು ತಮ್ಮಲ್ಲಿ ಸುಡುವ ಘಟಕ ಬೇಡವೆಂದು ಹಟ ಹಿಡಿದಾಗ, ಕೋತೊ ವಾರ್ಡಿನ ಸಭೆಯ ಸದಸ್ಯರೇ ರಸ್ತೆಗಿಳಿದು ಸುಗಿನಾಮಿಯ ಲಾರಿಗಳನ್ನು ಹಿಂದಕ್ಕೆ ಕಳಿಸಿದರು. 1974ರಲ್ಲಿ ರಾಜಿಯಾಯಿತು, ಘಟಕ ಕಟ್ಟಿ ಮುಗಿದದ್ದು 1982ರಲ್ಲಿ. ನೀನು ಮೆಚ್ಚಿದ ಚೊಕ್ಕಟತನದ ಹಿಂದೆ ಇಷ್ಟು ವರ್ಷಗಳ ಜಗಳವೂ ಸಂಧಾನವೂ ಇವೆ.

ನಮ್ಮ ಮಂಡೂರನ್ನು ಇದರ ಪಕ್ಕದಲ್ಲಿಟ್ಟು ನೋಡು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಆ ಹಳ್ಳಿ ಪಾಲಿಕೆಯ ಎಲ್ಲೆಯ ಆಚೆಗಿತ್ತು. ಕಸ ಕಳಿಸುವವರನ್ನು ಆರಿಸುವ ಮತ ಅಲ್ಲಿನವರಿಗಿರಲಿಲ್ಲ. ಅವರೂ ಲಾರಿ ತಡೆದರು, 2014ರ ಕೊನೆಗೆ ಕಸ ಬರುವುದು ನಿಂತಿತು. ಆದರೆ ಕೋತೊ ಜನರ ಪರವಾಗಿ ಮಾತನಾಡಲು ಒಂದು ಚುನಾಯಿತ ಸಭೆಯಿತ್ತು, ಮಹಾನಗರದ ಆಡಳಿತ ಅದಕ್ಕೆ ಉತ್ತರ ಕೊಡಲೇಬೇಕಿತ್ತು. ಮಂಡೂರಿನವರಿಗೆ ಇದ್ದದ್ದು ರಸ್ತೆ ಮಾತ್ರ. ಬೆಳೆಯುವ ನಗರಗಳ ಆಡಳಿತ ತೊಡಕಾಗುವುದು ಇಲ್ಲೇ ಎಂಬುದು ನನ್ನ ದೃಢವಾದ ನಂಬಿಕೆ: ಊರು ತನ್ನ ಎಲ್ಲೆಯನ್ನು ದಾಟಿ ಬೆಳೆಯುತ್ತದೆ, ಹೊಣೆ ಮಾತ್ರ ಎಲ್ಲೆಯೊಳಗೇ ಉಳಿಯುತ್ತದೆ.

ಇಡೀ ನಗರಕ್ಕೆ ಒಬ್ಬ ಬಲಶಾಲಿ ಮೇಯರ್ ಇದ್ದರೆ ಸಾಕು ಎಂದೂ ನೀನು ಬರೆದಿದ್ದೀಯೆ. ಲಂಡನ್ 1986ರಿಂದ 2000ದವರೆಗೆ ಇಡೀ ನಗರಕ್ಕೊಂದು ಚುನಾಯಿತ ಆಡಳಿತವಿಲ್ಲದೆ ಕಷ್ಟಪಟ್ಟದ್ದು ನಿಜ, ಆದ್ದರಿಂದ ನಿನ್ನ ಮಾತಿನಲ್ಲಿ ಅರ್ಧ ಸತ್ಯವಿದೆ. ಇನ್ನರ್ಧವನ್ನು ಟೋಕಿಯೊದಲ್ಲೇ ನೋಡು. 1943ರಲ್ಲಿ ನಗರವನ್ನೂ ಪ್ರಾಂತವನ್ನೂ ಒಂದುಗೂಡಿಸಿ ಒಂದೇ ಮಹಾನಗರ ಆಡಳಿತ ಮಾಡಿದರು; ಆದರೂ 1975ರಿಂದ ವಾರ್ಡಿನ ಮುಖ್ಯಸ್ಥರನ್ನು ಜನ ನೇರವಾಗಿ ಆರಿಸುತ್ತಿದ್ದಾರೆ. 2000ದಲ್ಲಿ ಕಸ ಸಂಗ್ರಹದ ಕೆಲಸವೂ ವಾರ್ಡುಗಳ ಕೈಗೆ ಬಂತು. ನೀರು, ಒಳಚರಂಡಿ, ಅಗ್ನಿಶಾಮಕ ಸೇವೆ ಮೇಲಿನ ಮಹಾನಗರ ಆಡಳಿತದಲ್ಲೇ ಉಳಿದವು. ಕೆಲವು ತೆರಿಗೆಗಳನ್ನು ಮೇಲಿನವರೇ ವಸೂಲು ಮಾಡಿ, ವರಮಾನ ಕಡಿಮೆಯಿರುವ ವಾರ್ಡುಗಳಿಗೆ ಹೆಚ್ಚು ಸಿಗುವಂತೆ ಹಂಚುತ್ತಾರೆ. ಈ ಹಂಚಿಕೆಯ ಲೆಕ್ಕವನ್ನು ಶ್ರದ್ಧೆಯಿಂದ ಕಲಿ. ಬೆಂಗಳೂರಿನಲ್ಲಿ ಜಲಮಂಡಳಿ, ಬಿಡಿಎ, ಬಿಎಂಟಿಸಿ ತಮ್ಮ ತಮ್ಮ ದಾರಿಯಲ್ಲಿ ನಡೆದಿರುವಾಗ, 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಪಾಲಿಕೆಯ ಸಭೆಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಅದು ಐದು ಪಾಲಿಕೆಗಳಾಯಿತು. ಇವುಗಳ ನಡುವೆ ಹಣವನ್ನೂ ಹೊಣೆಯನ್ನೂ ನ್ಯಾಯವಾಗಿ ಹಂಚಬಲ್ಲವರು ನಮಗೆ ಬೇಕು.

ರಜೆ ಸಿಕ್ಕಾಗ ಸುಗಿನಾಮಿಗೆ ಹೋಗಿ ಬಾ. ಆ ಘಟಕದಲ್ಲೇ ಹಳೆಯ ಜಗಳದ ಚರಿತ್ರೆಯನ್ನು ತೋರಿಸುವ ಪ್ರದರ್ಶನಾಲಯವಿದೆ. ಸಂಧಾನಕ್ಕೆ ಯಾರು ಯಾರು ಕುಳಿತಿದ್ದರು, ಬೇಡವೆಂದವರಿಗೆ ಯಾವ ಮಾತು ಕೊಟ್ಟರು, ಕೊಟ್ಟ ಮಾತು ಎಷ್ಟು ನಡೆಯಿತು ಎಂಬುದನ್ನು ವಿಚಾರಿಸಿ ನನಗೆ ವಿವರವಾಗಿ ಬರೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ