ಬಟ್ಟೆ ಒಗೆದ ನೀರಿನಲ್ಲೂ ಪ್ಲಾಸ್ಟಿಕ್

ಸಂಪಾದಕರೇ,

ಪ್ಲಾಸ್ಟಿಕ್ ಅಂದ ಕೂಡಲೇ ಎಲ್ಲರೂ ಚೀಲ, ಬಾಟಲಿ ಬಗ್ಗೆ ಮಾತಾಡುತ್ತಾರೆ. ಮೈಮೇಲಿನ ಬಟ್ಟೆಯ ಸುದ್ದಿಯೇ ಬರುವುದಿಲ್ಲ. ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಎಲ್ಲವೂ ಪ್ಲಾಸ್ಟಿಕ್ಕೇ ಅಲ್ವಾ? ವಾಷಿಂಗ್ ಮೆಷಿನ್ನಿನ ಜಾಳಿಗೆಯಲ್ಲಿ ಸಿಕ್ಕಿಕೊಂಡ ಬೂದು ಬಣ್ಣದ ನಾರಿನ ಮುದ್ದೆಯನ್ನು ಒಮ್ಮೆ ಬಿಡಿಸಿ ನೋಡಿ. ಅದಕ್ಕಿಂತ ಸಣ್ಣ ಎಳೆಗಳು ಜಾಳಿಗೆ ದಾಟಿ ಚರಂಡಿ ಸೇರುತ್ತವೆ, ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲೂ ಪೂರ್ತಿ ಸಿಗದೆ ಸ್ವಲ್ಪ ನದಿಗೆ ಹೋಗುತ್ತವೆ, ಸಿಕ್ಕವು ಕೆಸರಿನ ಜೊತೆ ಗೊಬ್ಬರವಾಗಿ ಹೊಲಕ್ಕೆ ಬೀಳುವುದೂ ಉಂಟು. 6 ಕೆ.ಜಿ. ಅಕ್ರಿಲಿಕ್ ಬಟ್ಟೆ ಒಂದು ಸಲ ಒಗೆದರೆ 7 ಲಕ್ಷಕ್ಕೂ ಜಾಸ್ತಿ ಎಳೆ ಹೊರಬೀಳಬಹುದು ಎಂದು ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲೇ ಅಂದಾಜು ಮಾಡಿದ್ದರು.

ಪಾತ್ರೆ ತಿಕ್ಕುವ ಸ್ಪಂಜೂ ಹಾಗೇ. ಸವೆದು ತೆಳ್ಳಗಾದ ಸ್ಪಂಜನ್ನು ಎಸೆಯುತ್ತೇವೆ, ಸವೆದ ಭಾಗ ಆಗಲೇ ಸಿಂಕಿನಿಂದ ಇಳಿದು ಹೋಗಿರುತ್ತದೆ.

ಸರ್ಕಾರಗಳು ಮನಸ್ಸು ಮಾಡಿದರೆ ಇದನ್ನು ತಡೆಯುವುದು ಆಗದ ಕೆಲಸವೇನಲ್ಲ. ಫೇಸ್‌ವಾಶ್‌ನಂಥ ಸಾಮಾನುಗಳಲ್ಲಿ ಚರ್ಮ ಉಜ್ಜಲೆಂದು ಸಣ್ಣ ಸಣ್ಣ ಪ್ಲಾಸ್ಟಿಕ್ ಮಣಿ ಹಾಕಬಾರದು ಎಂದು ಅಮೆರಿಕ 2015ರಲ್ಲಿ ಕಾನೂನು ತಂದಿತು. ಹೊಸ ವಾಷಿಂಗ್ ಮೆಷಿನ್ನುಗಳಲ್ಲಿ ಎಳೆ ಹಿಡಿಯುವ ಫಿಲ್ಟರ್ ಇರಬೇಕು ಎಂದು ಫ್ರಾನ್ಸ್ 2020ರಲ್ಲಿ ಕಾನೂನು ಮಾಡಿತು.

ನಮ್ಮಲ್ಲೂ ಅಂಥ ಕಾನೂನು ಬರುವ ತನಕ ಮೆಷಿನ್ ತುಂಬಿದ ಮೇಲೆಯೇ ತಣ್ಣೀರಲ್ಲಿ ಒಗೆಯೋಣ, ಜಾಳಿಗೆಯ ನಾರನ್ನು ನಲ್ಲಿ ಕೆಳಗೆ ತೊಳೆಯದೆ ಕಸದ ಬುಟ್ಟಿಗೆ ಹಾಕೋಣ. ಆದರೆ ಸುಮ್ನೆ ಜನರ ಮೇಲೇ ಭಾರ ಹೊರಿಸಿದರೆ ಸಾಲದು. ಫಿಲ್ಟರನ್ನು ಮೆಷಿನ್ ತಯಾರಿಸುವವರೇ ಕೂರಿಸಿ ಕೊಡಬೇಕು, ಅದೂ ಬೇರೆ ದುಡ್ಡು ಕೇಳದೆ.

— ಒಬ್ಬ ಓದುಗ