ಯಾವ ಮಾತ್ರೆ ತಗೋತಿದೀರಾ ಅಂತ ಯಾರೂ ಕೇಳ್ಲಿಲ್ಲ

ಮಾನ್ಯ ಸಂಪಾದಕರೇ,

ನಮಸ್ಕಾರ. ಹೋದ ವರ್ಷ ಶ್ರಾವಣದಲ್ಲಿ ಬೆಳಗ್ಗೆ ಹಾಲು ತರೋಕೆ ಹೊರಟಿದ್ದೆ, ನಮ್ಮ ರಸ್ತೆ ತಿರುವಲ್ಲಿ ಒಂದು ಬೀದಿನಾಯಿ ಮೀನಖಂಡಕ್ಕೆ ಬಾಯಿ ಹಾಕ್ತು, ರಕ್ತ ಬಂತು. ಮನೆಗೆ ಬಂದು ಸೋಪು ಹಚ್ಚಿ ನಲ್ಲಿ ಕೆಳಗೆ ಕಾಲು ಗಂಟೆ ತೊಳೆದೆ, ಅಷ್ಟು ನಂಗೆ ಗೊತ್ತಿತ್ತು, ಆಮೇಲೆ ಆಸ್ಪತ್ರೆಗೆ ಹೋದೆ. ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್, ಅಂದ್ರೆ ರೇಬೀಸ್ ತಡೆಯೋ ಸಿದ್ಧ ಪ್ರತಿಕಾಯ, ಚುಚ್ಚಿದ್ರು, ಎರಡೂ ತೋಳಿಗೆ ಚರ್ಮದ ಪದರದಲ್ಲೇ ಸ್ವಲ್ಪ ಸ್ವಲ್ಪ ರೇಬೀಸ್ ಲಸಿಕೆ ಹಾಕಿದ್ರು, ಮೂರನೇ ದಿನ ಬನ್ನಿ ಅಂದ್ರು. ಎಲ್ಲಾ ಸರಿಯಾಗೇ ನಡೀತು. ಆದ್ರೆ ನಾನು 11 ವರ್ಷದಿಂದ ಸಂಧಿವಾತಕ್ಕೆ, ಅಂದ್ರೆ ರುಮಟಾಯ್ಡ್ ಆರ್ಥ್ರೈಟಿಸ್‌ಗೆ, ವಾರಕ್ಕೊಂದ್ಸಲ ಮೆಥೋಟ್ರೆಕ್ಸೇಟ್, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಳ್ಳೋಳು ಅನ್ನೋದನ್ನ ಅಲ್ಲಿ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಾಯಿ ಕಚ್ಚಿದ್ದಕ್ಕೂ ಕೀಲುನೋವಿನ ಮಾತ್ರೆಗೂ ಏನು ಸಂಬಂಧ ಅಂತ ನಂಗೆ ಅನ್ಸೇ ಇರ್ಲಿಲ್ಲ.

ಎರಡು ಡೋಸ್ ಆದ್ಮೇಲೆ ಬೇರೇನೋ ವಿಷಯಕ್ಕೆ ನಮ್ಮ ಕೀಲುರೋಗದ ಡಾಕ್ಟರಿಗೆ ಫೋನ್ ಮಾಡಿದಾಗ ಮಾತಿಗೆ ಮಾತು ಬಂದು ಹೇಳ್ದೆ. ಅವ್ರು ತಕ್ಷಣ ಕೇಳಿದ್ದು, ಚರ್ಮದಲ್ಲಿ ಹಾಕಿದ್ರಾ ಸ್ನಾಯುವಿಗೆ ಹಾಕಿದ್ರಾ ಅಂತ. ಸ್ಟಿರಾಯ್ಡು, ಮೆಥೋಟ್ರೆಕ್ಸೇಟು, ಕ್ಲೋರೋಕ್ವಿನ್ ಜಾತಿ ಮಾತ್ರೆ ತಗೊಳ್ಳೋರಿಗೆ ಚರ್ಮದಲ್ಲಿ ಕೊಡೋ ಚಿಕ್ಕ ಡೋಸಿಂದ ಸಾಕಷ್ಟು ಪ್ರತಿಕಾಯ (ರೋಗಾಣು ವಿರುದ್ಧ ಹೋರಾಡೋಕೆ ಮೈ ರಕ್ತದಲ್ಲಿ ತಯಾರು ಮಾಡ್ಕೊಳ್ಳೋದು) ಹುಟ್ಟದೇ ಇರಬಹುದಂತೆ, ಇಂಥೋರಿಗೆ ಸ್ನಾಯುವಿಗೇ ಪೂರ್ತಿ ಕೋರ್ಸ್ ಕೊಡಬೇಕಂತೆ. ಉಳಿದ ಡೋಸ್‌ಗಳನ್ನ ತೋಳಿನ ಸ್ನಾಯುವಿಗೆ ಹಾಕ್ಸಿದ್ರು, ಆಮೇಲೆ ರಕ್ತ ಪರೀಕ್ಷೆಗೆ ಕಳಿಸಿದ್ರು, ಪ್ರತಿಕಾಯ ಮಿಲಿಲೀಟರಿಗೆ 0.5 ಯೂನಿಟ್‌ಗಿಂತ ಮೇಲಿದ್ರೆ ರಕ್ಷಣೆ ಇದೆ ಅಂತ ಲೆಕ್ಕ. ರಿಪೋರ್ಟ್ ಬರೋವರೆಗೆ ನಾನು ಸರಿಯಾಗಿ ನಿದ್ದೆ ಮಾಡ್ಲಿಲ್ಲ, ಯಾಕಂದ್ರೆ ರೇಬೀಸ್ ಒಂದ್ಸಲ ಕಾಣಿಸ್ಕೊಂಡ್ರೆ ಅದಕ್ಕೆ ಔಷಧಿನೇ ಇಲ್ಲ. ಪುಣ್ಯಕ್ಕೆ ಚೆನ್ನಾಗೇ ಬಂತು. ಇಂಜೆಕ್ಷನ್ ಹಾಕಿದ ಸಿಸ್ಟರ್ ತಪ್ಪು ಅಂತ ನಾನು ಹೇಳಲ್ಲ, ಅವತ್ತು ಅವ್ರ ಮುಂದೆ ಮೂವತ್ತು ನಲವತ್ತು ಜನರ ಸಾಲಿತ್ತು. ಆದ್ರೆ ಆ ಒಂದು ಪ್ರಶ್ನೆ ಅಲ್ಲಿ ಗೋಡೆ ಮೇಲೆ ಕನ್ನಡದಲ್ಲಿ ಬರೆದಿದ್ರೆ ನಾನೇ ಬಾಯಿ ಬಿಡ್ತಿದ್ದೆ.

ಇದಾದ್ಮೇಲೆ ನಾನು ಚೆಕಪ್‌ಗೆ ಹೋದಾಗೆಲ್ಲ ಅಕ್ಕಪಕ್ಕ ಕೂತೋರನ್ನ ಕೇಳೋಕೆ ಶುರು ಮಾಡ್ದೆ, ನೀವು ಯಾವ್ಯಾವ ಲಸಿಕೆ ಹಾಕಿಸ್ಕೊಂಡಿದೀರಾ ಅಂತ. ಲೂಪಸ್ ಇರೋರು, ಸೋರಿಯಾಸಿಸ್ ಆಗಿ ಕೀಲಿಗೆ ಬಂದಿರೋರು, ನನ್ನ ಥರದೋರು. ಹೆಚ್ಚು ಕಮ್ಮಿ ಎಲ್ಲರ ಉತ್ತರ ಒಂದೇ, ಕೋವಿಡ್ದು ಎರಡು ಆಗಿದೆ, ಬೇರೆ ಏನೂ ಇಲ್ಲ, ನಮಗೆಲ್ಲ ಹಾಕಿಸ್ಬಾರ್ದಂತೆ ಅಲ್ವಾ ಅಂತ. ಯಾರು ಹೇಳಿದ್ರು ಅಂದ್ರೆ ಗೊತ್ತಿಲ್ಲ. ಒಬ್ಬ ಅಕ್ಕ ಮಾತ್ರ ಕಾರಣ ಹೇಳಿದ್ರು, ಅದು ನನ್ನ ತಲೇಲಿ ಕೂತ್ಬಿಟ್ಟಿದೆ: "ನಮ್ದು ಇಮ್ಯೂನಿಟಿ ಜಾಸ್ತಿ ಆಗಿ ಬಂದಿರೋ ಕಾಯಿಲೆ, ಲಸಿಕೆ ಹಾಕೋದೇ ಇಮ್ಯೂನಿಟಿ ಜಾಸ್ತಿ ಮಾಡೋಕೆ, ಬೆಂಕಿಗೆ ತುಪ್ಪ ಸುರಿದಂಗೆ ಆಗಲ್ವಾ?"

ಸಂಪಾದಕರೇ, ಇದನ್ನ ಮೂಢನಂಬಿಕೆ ಅಂತ ತಳ್ಳಿಹಾಕೋಕೆ ಆಗಲ್ಲ. ಆ ಅಕ್ಕ ಯೋಚನೆ ಮಾಡಿದಾರೆ, ಸಿಕ್ಕಿರೋ ಮಾಹಿತಿ ಅರ್ಧ ಅಷ್ಟೇ. ನಮ್ಮ ಕಾಯಿಲೇಲಿ ರೋಗನಿರೋಧಕ ಶಕ್ತಿ ಜಾಸ್ತಿ ಆಗಿರೋದಲ್ಲ, ಅದು ದಾರಿ ತಪ್ಪಿರೋದು, ಮನೆಯೋರನ್ನೇ ಕಳ್ಳ ಅಂದ್ಕೊಂಡು ಹೊಡೀತಿರೋದು. ಅದನ್ನ ತಡೆಯೋಕೆ ಅಂತ ಡಾಕ್ಟ್ರು ಮಾತ್ರೆ ಕೊಡ್ತಾರೆ, ಆ ಮಾತ್ರೆ ಅದರ ಕೈಕಟ್ಟುತ್ತೆ, ಆಗ ನಿಜವಾದ ಕಳ್ಳ ಬಂದ್ರೂ ಅದಕ್ಕೆ ಪೂರ್ತಿ ಹೋರಾಡೋಕೆ ಆಗಲ್ಲ. ಅದಕ್ಕೇ ನಮ್ಮಂಥೋರಿಗೆ ಫ್ಲೂ, ನ್ಯುಮೋನಿಯಾ, ಸರ್ಪಸುತ್ತು ಇವೆಲ್ಲ ಬೇರೆಯವ್ರಿಗಿಂತ ಜೋರಾಗಿ ಬರೋದು. ಲಸಿಕೆ ಮಾಡೋದು ಇಷ್ಟೇ, ಯಾವುದೋ ಒಂದು ರೋಗಾಣುವಿನ ಗುರುತು ಹೇಳಿಕೊಡುತ್ತೆ. ಹಾಕಿಸ್ಕೊಂಡ್ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರುತ್ತೆ, ಕೆಲವ್ರಿಗೆ ಸ್ವಲ್ಪ ದಿನ ಕೀಲು ಬಿಗಿಯೋದೂ ಉಂಟು, ಅದನ್ನ ಮುಚ್ಚಿಡಬಾರ್ದು, ಮುಂಚೆನೇ ಹೇಳಿದ್ರೆ ಜನ ಹೆದರಲ್ಲ, ಹೇಳದೇ ಇದ್ದಾಗ್ಲೇ ಹೆದರೋದು.

ಕೋವಿಡ್ ಟೈಮಲ್ಲಿ ಆಗಿದ್ದು ನೆನಪಿದ್ಯಾ? 2021ರ ಜನವರಿ 16ಕ್ಕೆ ದೇಶದಲ್ಲಿ ಲಸಿಕೆ ಶುರುವಾದಾಗ ಕೊವ್ಯಾಕ್ಸಿನ್ ಮಾಹಿತಿ ಪತ್ರದಲ್ಲಿ ರೋಗನಿರೋಧಕ ಶಕ್ತಿ ಮೇಲೆ ಪರಿಣಾಮ ಮಾಡೋ ಔಷಧಿ ತಗೊಳ್ಳೋರು ಹಾಕಿಸ್ಕೋಬಾರ್ದು ಅಂತಿತ್ತು. ಒಂದೂವರೆ ತಿಂಗಳಾದ್ಮೇಲೆ, ಮಾರ್ಚ್ 1ಕ್ಕೆ, 45ರಿಂದ 59 ವಯಸ್ಸಿನ ಕಾಯಿಲೆಯೋರಿಗೆ ಶುರು ಮಾಡಿದಾಗ ಕೇಂದ್ರ ಸರ್ಕಾರದ 20 ಕಾಯಿಲೆ ಪಟ್ಟೀಲಿ ಬಹಳ ದಿನದಿಂದ ಸ್ಟಿರಾಯ್ಡ್, ಇಮ್ಯುನೋಸಪ್ರೆಸೆಂಟ್ (ರೋಗನಿರೋಧಕ ಶಕ್ತಿ ಕುಗ್ಗಿಸೋ) ಮಾತ್ರೆ ತಗೊಳ್ಳೋರೂ ಇದ್ರು, ಅಂದ್ರೆ ನಾವು ಮೊದಲ ಸಾಲಲ್ಲಿ ನಿಲ್ಲಬೇಕಾದೋರು! ಮೊದಲು ಬೇಡ ಅಂದಿದ್ಯಾಕೆ, ಆಮೇಲೆ ನೀವೇ ಮೊದ್ಲು ಬನ್ನಿ ಅಂದಿದ್ಯಾಕೆ ಅಂತ ಕನ್ನಡದಲ್ಲಿ ನಮಗೆ ಬಿಡಿಸಿ ಹೇಳಿದೋರು ಯಾರೂ ಇಲ್ಲ. ನಾನು ಹೋದ ಕೇಂದ್ರದಲ್ಲಿ ಮಾತ್ರೆ ಚೀಟಿ ನೋಡಿ ವಾಪಸ್ ಕಳಿಸಿದ್ರು, ಹದಿನೈದು ದಿನ ಬಿಟ್ಟು ಇನ್ನೊಂದು ಕಡೆ ಹೋಗಿ ಹಾಕಿಸ್ಕೊಂಡೆ. ವಾಪಸ್ ಬಂದೋರಲ್ಲಿ ಎಷ್ಟು ಜನ ಮತ್ತೆ ಹೋಗಿರಲ್ಲ ಯೋಚನೆ ಮಾಡಿ. ನಮಗೆ ಹಾಕಿಸ್ಬಾರ್ದಂತೆ ಅನ್ನೋ ಮಾತು ಅಲ್ಲೇ ಬೇರು ಬಿಟ್ಟಿರೋದು ಅಂತ ನಂಗನ್ಸುತ್ತೆ.

ಅಸಲಿಗೆ ನಾವು ತಿಳ್ಕೋಬೇಕಾಗಿರೋದು ತುಂಬಾ ಏನಿಲ್ಲ. ಯಾವುದೇ ಲಸಿಕೆ ಇರ್ಲಿ, ಇದು ಜೀವಂತ ರೋಗಾಣು ಇರೋದಾ ಅಲ್ವಾ ಅಂತ ಕೇಳಬೇಕು. ದಡಾರ ಮಂಗನಬಾವು ರುಬೆಲ್ಲಾದ್ದು, ಅಮ್ಮ ಅಂತೀವಲ್ಲ ಆ ಚಿಕನ್‌ಪಾಕ್ಸ್‌ದು, ಕ್ಷಯಕ್ಕೆ ಹಾಕೋ ಬಿಸಿಜಿ, ಬಾಯಿಗೆ ಹಾಕೋ ಪೋಲಿಯೋ ಹನಿ, ಆಫ್ರಿಕಾ ಕಡೆ ಹೋಗೋರಿಗೆ ಹಾಕೋ ಹಳದಿ ಜ್ವರದ್ದು, ಇವು ಬಲ ಕಳೆದಿರೋ ಆದ್ರೆ ಜೀವ ಇರೋ ರೋಗಾಣುಗಳು, ಶಕ್ತಿ ಕುಗ್ಗಿಸೋ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಇವನ್ನ ಹಾಕಿಸ್ಲೇಬಾರ್ದು. ಫ್ಲೂ ಇಂಜೆಕ್ಷನ್, ನ್ಯುಮೋನಿಯಾದು, ಹೆಪಟೈಟಿಸ್ ಬಿ, ಟಿಟಿ, ರೇಬೀಸ್ ಇವ್ಯಾವುದರಲ್ಲೂ ಜೀವಂತ ರೋಗಾಣು ಇಲ್ಲ, ಇವುಗಳಿಂದ ಆ ರೋಗ ಬರೋಕೆ ಸಾಧ್ಯವೇ ಇಲ್ಲ. ಕೋವಿಶೀಲ್ಡ್‌ನಲ್ಲಿದ್ದ ವೈರಸ್ ಕೂಡ ನಮ್ಮ ಮೈಯಲ್ಲಿ ಬೆಳೆಯದ ಹಾಗೆ ಮಾಡಿದ್ದು. ಇನ್ನು ನಾಯಿ ಕಚ್ಚಿದ್ರಂತೂ ಯಾವ ಕಾಯಿಲೆ ಇರ್ಲಿ, ಯಾವ ಮಾತ್ರೆ ಇರ್ಲಿ, ಬಸುರಿ ಇರ್ಲಿ, ಲಸಿಕೆ ಬೇಡ ಅನ್ನೋ ಮಾತೇ ಇಲ್ಲ.

ಎರಡನೇದು ಟೈಮಿಂಗು. ಇದರಲ್ಲೇ ಹೆಚ್ಚು ಗೊಂದಲ. ಬ್ರಿಟನ್ನಲ್ಲಿ ಮೆಥೋಟ್ರೆಕ್ಸೇಟ್ ತಗೊಳ್ಳೋ 254 ಜನರ ಮೇಲೆ ಒಂದು ಅಧ್ಯಯನ ಮಾಡಿದ್ರು, 2022ರಲ್ಲಿ ಪ್ರಕಟ ಆಯ್ತು, ಕೋವಿಡ್ ಬೂಸ್ಟರ್ ಆದ್ಮೇಲೆ ಎರಡು ವಾರ ಮಾತ್ರೆ ನಿಲ್ಲಿಸಿದೋರಲ್ಲಿ ಪ್ರತಿಕಾಯ ಸುಮಾರು ಎರಡು ಪಟ್ಟು ಬಂತು, ಆದ್ರೆ ಅವ್ರಲ್ಲಿ ನೋವು ಕೆರಳಿದ್ದೂ ಸ್ವಲ್ಪ ಜಾಸ್ತಿನೇ. ಅಮೆರಿಕದ ಕೀಲುರೋಗ ತಜ್ಞರ ಸಂಘದ ಮಾರ್ಗಸೂಚಿಯಲ್ಲಿ ಫ್ಲೂ ಲಸಿಕೆ ಆದ್ಮೇಲೆ, ಕಾಯಿಲೆ ಹತೋಟೀಲಿದ್ರೆ, ಎರಡು ವಾರ ಮೆಥೋಟ್ರೆಕ್ಸೇಟ್ ಬಿಡಬಹುದು, ಜೀವಂತ ಅಲ್ಲದ ಬೇರೆ ಲಸಿಕೆಗಳಿಗೆ ನಿಲ್ಲಿಸೋದು ಬೇಡ ಅಂತಿದೆ. ಇದು ನಮ್ಮೂರಿಗೆ ಬರೋ ಹೊತ್ತಿಗೆ "ಲಸಿಕೆಗೆ ಮಾತ್ರೆ ನಿಲ್ಲಿಸ್ಬೇಕಂತೆ" ಅಂತ ಆಗಿರುತ್ತೆ. ಒಬ್ಬರು ತಾವೇ ತಾವಾಗಿ ಎರಡು ತಿಂಗಳು ನಿಲ್ಲಿಸಿ, ಮಂಡಿ ಊದಿ, ಹಾಸಿಗೆ ಹಿಡಿದು, ಕೊನೆಗೆ ಬೈದಿದ್ದು ಲಸಿಕೇನ. ಇಂಥ ಕಾಯಿಲೆಗೇ ಕೊಡೋ ರಿಟುಕ್ಸಿಮ್ಯಾಬ್ ಅನ್ನೋ ಔಷಧಿ ಡ್ರಿಪ್ ತಗೊಳ್ಳೋರದು ಇನ್ನೂ ಸೂಕ್ಷ್ಮ, ಡ್ರಿಪ್ ಆಗಿ ಕೆಲವು ತಿಂಗಳು ಲಸಿಕೆ ಹಾಕಿದ್ರೂ ಮೈ ಅದನ್ನ ಸರಿಯಾಗಿ ಹಿಡ್ಕೊಳ್ಳಲ್ಲ, ಅದಕ್ಕೆ ಮುಂದಿನ ಡ್ರಿಪ್ ಹತ್ರ ಬಂದಾಗ ಲಸಿಕೆ ಹಾಕಿ ಎರಡು ವಾರ ಬಿಟ್ಟು ಡ್ರಿಪ್ ಕೊಡೋದು ಒಳ್ಳೇದು ಅಂತಾರೆ, ಫ್ಲೂ ಲಸಿಕೆ ಮಾತ್ರ ಸೀಸನ್ ಬಂದಾಗ ಕಾಯದೆ ಹಾಕಿಸ್ಬೇಕು. ಎಲ್ಲಕ್ಕಿಂತ ಒಳ್ಳೇ ಸಮಯ ಅಂದ್ರೆ ಕಾಯಿಲೆ ಗೊತ್ತಾದ ದಿನ, ಜೋರು ಮಾತ್ರೆ ಶುರು ಮಾಡೋಕ್ಕಿಂತ ಮೊದಲು. ನನಗೆ ಆ ದಿನ 11 ವರ್ಷದ ಹಿಂದೆನೇ ಕಳೆದುಹೋಯ್ತು, ಬೇರೆಯವ್ರಿಗೆ ಕಳೆದುಹೋಗ್ಬಾರ್ದು.

ಸರ್ಪಸುತ್ತಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಇವತ್ತಿಗೂ ಅದಕ್ಕೆ ಕೆಮ್ಮಣ್ಣು ಹಚ್ಚಿಸ್ಕೊಂಡು, ನಾಗರ ದೋಷ ಅಂತ ಪೂಜೆ ಮಾಡಿಸ್ಕೊಂಡು ಸುಮ್ಮನಾಗ್ತಾರೆ. ಪೂಜೆ ಮಾಡಿಸ್ಲಿ, ನನ್ನ ತಕರಾರಿಲ್ಲ, ಆದ್ರೆ ಅದು ಚಿಕ್ಕಂದಿನಲ್ಲಿ ಬಂದಿದ್ದ ಚಿಕನ್‌ಪಾಕ್ಸ್ ವೈರಸ್ಸೇ ನರದಲ್ಲಿ ಅಡಗಿ ಕೂತು ಮತ್ತೆ ಏಳೋದು, ನಮ್ಮಂಥ ಮಾತ್ರೆ ತಗೊಳ್ಳೋರಲ್ಲಿ, ಅದರಲ್ಲೂ ಟೋಫಾಸಿಟಿನಿಬ್ ಥರದ್ದು ತಗೊಳ್ಳೋರಲ್ಲಿ ಜಾಸ್ತಿ. ಇದಕ್ಕೆ ಜೀವಂತ ಅಲ್ಲದ ಲಸಿಕೆ ಶಿಂಗ್ರಿಕ್ಸ್ 2023ರಿಂದ ಭಾರತದಲ್ಲಿ ಸಿಗುತ್ತೆ, ಎರಡು ಡೋಸ್. ಆದ್ರೆ ಒಂದು ಡೋಸ್‌ಗೇ ಹತ್ತು ಸಾವಿರ ರೂಪಾಯಿ ದಾಟುತ್ತೆ. ತಿಂಗಳ ಮಾತ್ರೆಗೇ ಸಾಲ ಮಾಡೋರು ಇದನ್ನ ಎಲ್ಲಿಂದ ತರ್ತಾರೆ? 1985ರಿಂದ ಇರೋ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮ ಮಕ್ಕಳಿಗೆ, ಗರ್ಭಿಣಿಯರಿಗೆ, ಅದರಿಂದ ಎಷ್ಟೋ ಜೀವ ಉಳಿದಿದೆ, ಆದ್ರೆ ದೊಡ್ಡೋರ ಫ್ಲೂ, ನ್ಯುಮೋನಿಯಾ ಲಸಿಕೆಗೆ ನಾವು ಜೇಬಿಂದನೇ ಕೊಡಬೇಕು. ಎಲ್ಲರಿಗೂ ಆಗದಿದ್ರೂ ಶಕ್ತಿ ಕುಗ್ಗಿಸೋ ಮಾತ್ರೆ ಮೇಲೆ ಬದುಕೋರಿಗಾದ್ರೂ ಜಿಲ್ಲಾ ಆಸ್ಪತ್ರೇಲಿ ಈ ಎರಡನ್ನ ಉಚಿತವಾಗಿ ಕೊಡಿ ಅಂತ ಆರೋಗ್ಯ ಇಲಾಖೆಯನ್ನ ಕೇಳ್ಕೋತೀನಿ.

ಡಾಕ್ಟರುಗಳಲ್ಲಿ ಒಂದು ಮನವಿ. ನಿಮ್ಮ ಫೈಲಲ್ಲಿ ಲಸಿಕೆಗೆ ಅಂತ ಒಂದು ಹಾಳೆ ಇಡಿ, ಕನ್ನಡದಲ್ಲಿ. ಈ ರೋಗಿ ಈ ಮಾತ್ರೆ ತಗೋತಾರೆ, ಜೀವಂತ ಲಸಿಕೆ ಕೊಡಬೇಡಿ, ನಾಯಿ ಕಚ್ಚಿದ್ರೆ ಸ್ನಾಯುವಿಗೆ ಕೊಡಿ, ಇಷ್ಟು ಬರೆದು ಸಹಿ ಹಾಕಿದ್ರೆ ಯಾವ ಪಿಎಚ್‌ಸಿಗೆ ಹೋದ್ರೂ ನಾವು ತೋರಿಸ್ತೀವಿ. ನಿಮಗೆ ಒಬ್ಬ ರೋಗಿಗೆ ಐದು ನಿಮಿಷನೂ ಸಿಗಲ್ಲ ಅಂತ ನಮಗೆ ಗೊತ್ತು, ಹಾಳೆ ಇದ್ರೆ ಆ ಐದು ನಿಮಿಷ ಉಳಿಯುತ್ತೆ.

ನಿಮ್ಮ ಪತ್ರಿಕೆಯ ಆರೋಗ್ಯ ಪುಟ ನಮ್ಮನೇಲಿ ಎಲ್ಲರೂ ಓದ್ತೀವಿ. ಅದರಲ್ಲಿ ತಿಂಗಳಿಗೊಂದ್ಸಲ ಕೀಲುರೋಗ ತಜ್ಞರೊಬ್ಬರಿಂದ ಇಂಥ ಪ್ರಶ್ನೆಗಳಿಗೆ ಉತ್ತರ ಬರೆಸಿ ಅಂತ ಕೇಳೋಕೇ ಈ ಪತ್ರ ಬರೀತಿರೋದು. ಪ್ರಶ್ನೆ ನಾವು ಕಳಿಸ್ತೀವಿ. ಮೊದಲನೇದು ಇಲ್ಲೇ ಇದೆ, ಹೋದ ತಿಂಗಳು ಸಾಲಲ್ಲಿ ನನ್ನ ಪಕ್ಕ ಕೂತಿದ್ದ ಏಳು ತಿಂಗಳ ಬಸುರಿ ಹುಡುಗಿ ಕೇಳಿದ್ದು. ಅವ್ಳು ಬೆನ್ನುಮೂಳೆ ಕೀಲಿನ ಕಾಯಿಲೆಗೆ ಅಡಾಲಿಮುಮ್ಯಾಬ್ ಅನ್ನೋ, ರೋಗನಿರೋಧಕ ಶಕ್ತಿ ಕುಗ್ಗಿಸೋ ಇಂಜೆಕ್ಷನ್ ತಗೋತಿದಾಳೆ. ಆ ಔಷಧಿ ಕೊನೇ ತಿಂಗಳುಗಳಲ್ಲಿ ಮಗುವಿನ ರಕ್ತಕ್ಕೂ ದಾಟುತ್ತೆ, ನಮ್ಮಲ್ಲಿ ಹುಟ್ಟಿದ ತಕ್ಷಣ ಎಲ್ಲ ಮಕ್ಕಳಿಗೂ ಬಿಸಿಜಿ ಹಾಕ್ತಾರೆ, ಅದು ಜೀವಂತ ಲಸಿಕೆ. ಹೆರಿಗೆ ಆಗೋದು ತವರಿನ ತಾಲೂಕು ಆಸ್ಪತ್ರೇಲಿ. ಅಲ್ಲಿ ಯಾರಿಗೆ, ಯಾವಾಗ, ಏನಂತ ಹೇಳಬೇಕು ಅಂತ ಅವ್ಳು ಕೇಳ್ತಿದಾಳೆ. ಹೆರಿಗೆಗೆ ಇನ್ನು ಬಹಳ ದಿನ ಇಲ್ಲ, ದಯವಿಟ್ಟು ಬೇಗ ಪ್ರಕಟಿಸಿ.

ಇಂತಿ,
ಸಂಧಿವಾತದ ಒಬ್ಬ ರೋಗಿ, ದಾವಣಗೆರೆ