ಡಡನ್, ಮರುವಾರವೇ ಎನರ್‌ಡೇಲ್: ಋಣ ಸಂದವರಿಗೆಲ್ಲ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಎರಡು ದೊಡ್ಡ ಫೆಲ್ ಓಟಗಳು (ಫೆಲ್ ಎಂದರೆ ಅಲ್ಲಿನ ಬೋಳುಬೆಟ್ಟ), ಒಂದರ ಬೆನ್ನಿಗೊಂದು ಶನಿವಾರ, ಮುಗಿದವು. ಡಡನ್ ವ್ಯಾಲಿ ಸುಮಾರು 29 ಕಿ.ಮೀ. ಎನರ್‌ಡೇಲ್ ಹಾರ್ಸ್‌ಶೂ ಸುಮಾರು 37 ಕಿ.ಮೀ., ಏರಿಕೆಯೇ 2,290 ಮೀಟರ್. ದಾರಿಯಲ್ಲಿ ಸಿಗುವ ಅತಿ ಎತ್ತರದ ಬೆಟ್ಟ ಪಿಲ್ಲರ್ ಬರೀ 892 ಮೀಟರ್. ಆದರೂ ಮತ್ತೆ ಮತ್ತೆ ಹತ್ತಿದ್ದನ್ನೆಲ್ಲ ಕೂಡಿಸಿದರೆ ಕಡಲ ಮಟ್ಟದಿಂದ ಮುಳ್ಳಯ್ಯನಗಿರಿಯ ನೆತ್ತಿಗೆ ಏರಿದ್ದಕ್ಕಿಂತ ಹೆಚ್ಚಾಗುತ್ತದೆ. ಎರಡನ್ನೂ ಮುಗಿಸಿದ ನಮ್ಮ ತಂಡದ ಕೃತಜ್ಞತೆ ಇದು. ಮುಂದೆ ಈ ಜೋಡಿ ಓಟಕ್ಕೆ ಹೆಸರು ನೋಂದಾಯಿಸುವವರಿಗೂ ಉಪಯೋಗವಾಗಲಿ.

ಮೊದಲ ಋಣ, ಇಳಿಯುವುದನ್ನು ಕಲಿಸಿದ ಹಿರಿಯ ಓಟಗಾರರದು. ಎರಡನೇ ಶನಿವಾರದ ಹಣೆಬರಹ ಮೊದಲ ಶನಿವಾರದ ಇಳಿಜಾರಿನಲ್ಲೇ ಬರೆದಾಗಿರುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ನಾರುಗಳಿಗೆ ಪೆಟ್ಟಾಗುವುದು ಆಗಲೇ. ಹಾಗಾಗಿ ಡಡನ್‌ನಲ್ಲಿ ಹಾರ್ಟರ್ ಫೆಲ್ ಇಳಿಯುವಾಗ ದೊಡ್ಡ ಹೆಜ್ಜೆ ಹಾಕಿ ಬ್ರೇಕ್ ಹಿಡಿಯಬಾರದು. ಚಿಕ್ಕ ಹೆಜ್ಜೆ, ಮೊಣಕಾಲು ಸಡಿಲ, ಮೈ ತುಸು ಮುಂದಕ್ಕೆ.

ನಡುವಿನ ವಾರದಲ್ಲಿ ಶಕ್ತಿ ಗಳಿಸಲು ಆಗುವುದಿಲ್ಲ, ಕಳೆಯಲು ಮಾತ್ರ ಆಗುತ್ತದೆ. ಭಾನುವಾರದಿಂದ ಮಂಗಳವಾರದವರೆಗೆ ನಡಿಗೆಯಷ್ಟೇ. ಬುಧವಾರ ಸಮತಟ್ಟು ನೆಲದಲ್ಲಿ 30 ನಿಮಿಷ ನಿಧಾನ ಓಟ, ಗುರುವಾರ ಬಿಡುವು, ಶುಕ್ರವಾರ 15 ನಿಮಿಷ. ಪೆಟ್ಟು ತಿಂದ ಸ್ನಾಯು ಗ್ಲೈಕೋಜನ್ (ಓಟಕ್ಕೆ ಬೇಕಾದ ಶಕ್ತಿಯ ದಾಸ್ತಾನು) ತುಂಬಿಕೊಳ್ಳುವುದೂ ನಿಧಾನವಾದ್ದರಿಂದ ಒಂದು ರಾತ್ರಿಯ ಭರ್ಜರಿ ಊಟ ಸಾಲದು. ಶುಕ್ರವಾರದವರೆಗೂ ಪ್ರತಿ ಹೊತ್ತೂ ಅನ್ನ, ಆಲೂಗಡ್ಡೆ, ಜೊತೆಗೆ ಬೇಳೆ ಅಥವಾ ಮೊಟ್ಟೆ ಇರಲಿ. ಗುರುವಾರವೂ ಮೆಟ್ಟಿಲು ಇಳಿಯಲು ಕಟಕಟೆ ಹಿಡಿಯಬೇಕಾಗಿ ಬಂದರೆ ಎನರ್‌ಡೇಲ್ ಬಿಡುವುದೇ ಸರಿ. ಒದ್ದೆ ಶೂ ಒಳಗೆ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ. ಹೀಟರ್ ಮೇಲಿಟ್ಟರೆ ಅಂಟು ಬಿಟ್ಟು ಅಟ್ಟೆ ಬಾಯ್ಬಿಡುತ್ತದೆ. ಜರೀಗಿಡದ ನಡುವೆ ಓಡಿದ ಮೇಲೆ ರಕ್ತ ಹೀರುವ ಉಣ್ಣಿ ಹತ್ತಿದೆಯೇ ಎಂದು ಮೊಣಕಾಲ ಹಿಂದೆ, ತೊಡೆಸಂದಿಯಲ್ಲಿ ನೋಡಿಕೊಳ್ಳಿ.

ನಕ್ಷೆ ಓದಲು ಹೇಳಿಕೊಟ್ಟವರಿಗೆ ವಿಶೇಷ ವಂದನೆ. ಎನರ್‌ಡೇಲ್‌ನಲ್ಲಿ ಮಂಜು ಕವಿದಾಗ ಗ್ರೀನ್ ಗೇಬಲ್ ಬೆಟ್ಟ ದಾಟಿ ವಿಂಡಿ ಗ್ಯಾಪ್‌ನಲ್ಲಿ ಎಡಕ್ಕಿಳಿದರೆ ಏರನ್ ಸ್ಲ್ಯಾಕ್ ಕೊರಕಲು ಸಿಕ್ಕಿ, ದಾರಿ ತಪ್ಪಿ ಸ್ಟೈಹೆಡ್ ತಲುಪುತ್ತೀರಿ. ಹೋಗಬೇಕಾದದ್ದು ಬೆಕ್ ಹೆಡ್‌ಗೆ, ಬಲಕ್ಕೆ. ಕರ್ಕ್ ಫೆಲ್‌ನಿಂದ ಬ್ಲ್ಯಾಕ್ ಸೇಲ್‌ಗೆ ಬಂಡೆಗಳ ನಡುವೆ ಇಳಿಯುವಾಗ ಹಳೆಯ ಬೇಲಿಕಂಬಗಳು ಕಣ್ತಪ್ಪದಿರಲಿ. ಹೇಕಾಕ್ ನಂತರ ಕಲ್ಲುಗೋಡೆಯೇ ದಾರಿ ತೋರುತ್ತದೆ. (ಡಡನ್‌ನ ಕಾ ಎಂಬ ಬೆಟ್ಟ ಬೇರೆ, ಎನರ್‌ಡೇಲ್‌ನ ಕಾ ಫೆಲ್ ಬೇರೆ. ನಕ್ಷೆಯಲ್ಲಿ ಗುರುತು ಹಾಕುವಾಗ ಎಚ್ಚರ.) ಬ್ಲ್ಯಾಕ್‌ಬೆಕ್ ಟಾರ್ನ್ ಎಂಬ ಪುಟ್ಟ ಕೆರೆಯ ಬಳಿ ಬಾಟಲಿ ತುಂಬಿಸಿಕೊಳ್ಳಿ, ಮುಂದೆ ದಿಣ್ಣೆಯ ಮೇಲೆ ನೀರು ಅಪರೂಪ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗುತ್ತಿರಲಿ, ಹಸಿವಿಗೆ ಕಾಯಬೇಡಿ. ನೋವು ಮರೆಸಲು ಐಬುಪ್ರೊಫೆನ್ ನುಂಗಬೇಡಿ: ನೀರು ಕಡಿಮೆಯಾದ ಮೈಯಲ್ಲಿ ಮೂತ್ರಪಿಂಡಕ್ಕೆ ಅಪಾಯ.

ಹರ್ಡ್‌ವಿಕ್ ಕುರಿಗಳನ್ನು ಮೇಯಿಸುವ ಆ ಬೆಟ್ಟಗಳಲ್ಲಿ ಓಡಲು ಬಿಟ್ಟ ರೈತರಿಗೆ ನಮಸ್ಕಾರ. ನಾವು ತೆರೆದ ಗೇಟನ್ನು ಮುಚ್ಚಿಯೇ ಮುಂದೆ ಹೋಗುವುದು ಅವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ. ಸಂಬಳವಿಲ್ಲದೆ ದುಡಿಯುವ ಪರ್ವತ ರಕ್ಷಣಾ ತಂಡಗಳಿಗೂ, ಚಹಾ ಕೊಟ್ಟವರಿಗೂ, ಕಾರು ಓಡಿಸಿದವರಿಗೂ ವಂದನೆ.

ಕೊನೆಯದಾಗಿ, ಶಿಖರಗಳ ಮೇಲೆ ಗಾಳಿಗೆ ಬೆನ್ನುಕೊಟ್ಟು ಕೂತು ನಂಬರ್ ಬರೆದುಕೊಂಡ ಮಾರ್ಷಲ್‌ಗಳಿಗೆ. ಓಟಗಾರನಿಗೆ ಕೆಲವು ಗಂಟೆಗಳ ಚಳಿ, ಅವರಿಗೆ ಇಡೀ ದಿನದ್ದು. ಚೆಕ್‌ಪಾಯಿಂಟ್ ಬಂದಾಗ ನಂಬರ್ ಕಾಣುವಂತೆ ಜಾಕೆಟ್ ಸರಿಸಿ, ಬಾಯಲ್ಲೂ ಹೇಳಿ. ನಡುವೆ ಓಟ ಬಿಟ್ಟರೆ ನೇರ ಮನೆಗೆ ಹೋಗಬೇಡಿ, ಫಿನಿಷ್‌ಗೆ ಬಂದು ತಿಳಿಸಿ. ಒಂದು ನಂಬರ್ ತಾಳೆಯಾಗದಿದ್ದರೂ ಹುಡುಕಾಟ ಶುರುವಾಗುತ್ತದೆ. ಎರಡೂ ಶನಿವಾರ ಪಟ್ಟಿ ಹಿಡಿದು, ಕೊನೆಯ ನಂಬರಿಗೆ ಗೆರೆ ಎಳೆಯುವವರೆಗೂ ಮೇಜು ಬಿಟ್ಟು ಏಳದೆ ಕೂತಿದ್ದ ಸ್ವಯಂಸೇವಕರೇ, ನಿಮಗೆ ಕೈಮುಗಿದು ಧನ್ಯವಾದ.